ಕೊಳೆಯ ಬೆಲೆ ಯಾರು ತೆರಬೇಕು?

ಮಕ್ಕಳೇ, ನೀವು ತೊಡುವ ಬಣ್ಣದ ಬನಿಯನ್ನಿಗೆ ಒಂದು ಬೆಲೆ ಇದೆ. ನೂಲು, ಬಣ್ಣ, ಕೂಲಿ ಎಲ್ಲದರ ಖರ್ಚೂ ಅದರಲ್ಲಿ ಸೇರಿರುತ್ತದೆ. ಆದರೆ ಬಣ್ಣ ಹಾಕಿದ ಮೇಲೆ ಉಳಿಯುವ ಕೊಳೆನೀರನ್ನು ಶುದ್ಧ ಮಾಡುವ ಖರ್ಚನ್ನು ಯಾರು ಕೊಡಬೇಕು?

ತಮಿಳುನಾಡಿನ ತಿರುಪ್ಪೂರು ಹತ್ತಿಯ ಬನಿಯನ್ನುಗಳಿಗೆ ಹೆಸರಾದ ಊರು. ಈ ಕಸುಬು ಲಕ್ಷಾಂತರ ಜನರಿಗೆ ಅನ್ನ ಕೊಟ್ಟಿದೆ. ಅಲ್ಲಿ ಕಾವೇರಿಯ ಉಪನದಿಯಾದ ನೊಯ್ಯಲ್ ಹರಿಯುತ್ತದೆ. ಹತ್ತಿಗೆ ಬಣ್ಣ ಹಿಡಿಯಲು ಬಹಳ ಉಪ್ಪು ಬೇಕು. ಬಣ್ಣದ ಕಾರ್ಖಾನೆಗಳು ಆ ಉಪ್ಪುನೀರನ್ನು ಹಲವು ವರ್ಷ ನದಿಗೆ ಬಿಟ್ಟವು. ಬೇಸಾಯಕ್ಕೆಂದು 1992ರಲ್ಲಿ ಕಟ್ಟಿದ ಒರತ್ತುಪಾಳೆಯಂ ಅಣೆಕಟ್ಟಿನಲ್ಲಿ ಅದು ತುಂಬಿಕೊಂಡಿತು. ಸುತ್ತಲಿನ ಬಾವಿಗಳು ಕೆಟ್ಟವು. ಹೊಲಗಳಲ್ಲಿ ಬೆಳೆ ಕುಗ್ಗಿತು.

‘ಮಾಡಿದ್ದುಣ್ಣೋ ಮಹರಾಯ’ ಎಂಬ ಗಾದೆ ಇದೆ. ಇಲ್ಲಿ ಮಾಡಿದವರು ಒಬ್ಬರು, ಉಂಡವರು ಇನ್ನೊಬ್ಬರು. ಕಾರ್ಖಾನೆ ಉಳಿಸಿದ ಹಣವನ್ನು ರೈತನು ತನ್ನ ಬೆಳೆಯಿಂದ ತೆತ್ತನು.

ರೈತರು ನ್ಯಾಯಾಲಯಕ್ಕೆ ಹೋದರು. ಕೊಳೆನೀರನ್ನು ಒಂದು ಹನಿಯೂ ಹೊರಗೆ ಬಿಡಬಾರದೆಂದು ಮದ್ರಾಸ್ ಹೈಕೋರ್ಟ್ 2006ರಲ್ಲಿ ಆದೇಶಿಸಿತು. ಮಲಿನ ಮಾಡಿದವರೇ ಖರ್ಚು ತೆರಬೇಕೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಆದರೂ ಆದೇಶ ಪಾಲನೆಯಾಗಲಿಲ್ಲ. 2011ರಲ್ಲಿ ಸುಮಾರು 700 ಬಣ್ಣದ ಕಾರ್ಖಾನೆಗಳಿಗೆ ಬೀಗ ಬಿತ್ತು. ಕೆಲಸಗಾರರು ಕೂಲಿಯಿಲ್ಲದೆ ಕಷ್ಟಪಟ್ಟರು.

“ಹಾಗಾದರೆ ನಿಯಮದಿಂದಲೇ ಕೂಲಿ ಹೋಯಿತಲ್ಲವೇ?” ಎಂದು ನೀವು ಕೇಳಬಹುದು. ಎಲ್ಲರೂ ಮೊದಲೇ ನಿಯಮ ಪಾಲಿಸಿದ್ದರೆ ಬೀಗ ಬೀಳುತ್ತಿರಲಿಲ್ಲ. ಆದರೆ ಒಬ್ಬನೇ ನೀರನ್ನು ಶುದ್ಧ ಮಾಡಿದರೆ ಅವನ ಬಟ್ಟೆ ದುಬಾರಿಯಾಗುತ್ತದೆ. ಕೊಳೆನೀರನ್ನು ಕದ್ದು ಬಿಡುವವನ ಬಟ್ಟೆ ಅಗ್ಗವಾಗುತ್ತದೆ. ಪ್ರಾಮಾಣಿಕನೇ ಸೋಲುತ್ತಾನೆ. ಆದ್ದರಿಂದ ನಿಯಮ ಎಲ್ಲರಿಗೂ ಒಂದೇ ಆಗಿರಬೇಕು. ಅದನ್ನು ಪಾಲಿಸುತ್ತಾರೆಯೇ ಎಂದು ನೋಡುವವರೂ ಇರಬೇಕು.

ಶುದ್ಧ ಮಾಡುವ ಯಂತ್ರಗಳಿಗೆ ಹೆಚ್ಚು ಹಣ ಬೇಕು. ಸಣ್ಣ ಕಾರ್ಖಾನೆಗಳಿಗೆ ನೆರವು ಬೇಕು. ತಮಿಳುನಾಡು ಸರ್ಕಾರ ಇದಕ್ಕಾಗಿ 200 ಕೋಟಿ ರೂಪಾಯಿಗಳ ಬಡ್ಡಿಯಿಲ್ಲದ ಸಾಲ ನೀಡಿತು. ಈಗ ಹಲವು ಕಾರ್ಖಾನೆಗಳು ಒಟ್ಟುಗೂಡಿ ಶುದ್ಧೀಕರಣ ಘಟಕಗಳನ್ನು ನಡೆಸುತ್ತವೆ. ಅಲ್ಲಿ ನೀರನ್ನು ಸೋಸುತ್ತಾರೆ. ಉಳಿದ ಉಪ್ಪುನೀರನ್ನು ಕಾಯಿಸಿ ಉಪ್ಪನ್ನು ಬೇರ್ಪಡಿಸುತ್ತಾರೆ. ನೀರೂ ಉಪ್ಪೂ ಮತ್ತೆ ಬಣ್ಣ ಹಾಕಲು ಬಳಕೆಯಾಗುತ್ತವೆ.

ಇದರಿಂದ ಬನಿಯನ್ನಿನ ಬೆಲೆ ಸ್ವಲ್ಪ ಹೆಚ್ಚಬಹುದು. ಆ ಬೆಲೆಯನ್ನು ಕೊಡುವುದೇ ನ್ಯಾಯ. ಕೊಡದಿದ್ದರೆ, ನಾವು ಉಳಿಸಿದ ಹಣಕ್ಕೆ ನದಿಯ ದಡದ ರೈತನು ತನ್ನ ಬಾವಿಯನ್ನು ಕಳೆದುಕೊಳ್ಳಬೇಕಾಗುತ್ತದೆ.