ಬಾಡಿಗೆ ಟ್ರ್ಯಾಕ್ಟರ್ ಇಳಿಸುವ ಮೊದಲು ಟೈರಿನ ನೀರು ವಿಚಾರಿಸಿ

ಮಳೆ ಬಿದ್ದು ಉಳುಮೆ ಶುರುವಾಯಿತೆಂದರೆ ಶಿಕಾರಿಪುರ, ಸೊರಬ ಕಡೆ ಬಾಡಿಗೆ ಟ್ರ್ಯಾಕ್ಟರ್‌ಗೆ ಪಾಳಿ ಹಚ್ಚಬೇಕು. ಪತ್ರಿಕೋದ್ಯಮ ಓದಿದ ನಮ್ಮ ಮನೆಗಳದ್ದೂ ಅದೇ ಕತೆ. ಗಂಟೆಗೆ ಎಷ್ಟು ಅಂತ ಕೇಳುತ್ತೇವೆ, ಯಾವ ನೇಗಿಲು ಅಂತ ಕೇಳುತ್ತೇವೆ. ಹಿಂದಿನ ಟೈರಿನಲ್ಲಿ ನೀರಿದೆಯಾ ಅಂತ ಮಾತ್ರ ಕೇಳುವುದಿಲ್ಲ. ಕೇಳಲೇಬೇಕು ಅನ್ನುವುದು ನಮ್ಮ ವಾದ.

ನೀರು ತುಂಬಿಸುವುದು ತಪ್ಪೇನಲ್ಲ. ಒಣ ಹೊಲದಲ್ಲಿ ಪಲ್ಟಿ ನೇಗಿಲು ಎಳೆಯುವಾಗ ಚಕ್ರ ಇದ್ದಲ್ಲೇ ಜಾರಿ ಸುತ್ತುತ್ತದೆ. ಭಾರ ಹೆಚ್ಚಿದರೆ ಹಿಡಿತ ಸಿಗುತ್ತದೆ. ಕಬ್ಬಿಣದ ವೇಟ್‌ಗೆ ದುಡ್ಡು ಬೇಕು, ನೀರು ಪುಕ್ಕಟೆ. 13.6-28 ಅಳತೆಯ ಟೈರನ್ನು ಮುಕ್ಕಾಲು ತುಂಬಲು ಸುಮಾರು 180 ಲೀಟರ್ ಹಿಡಿಯುತ್ತದೆ. ಎರಡಕ್ಕೂ ಸೇರಿ 360 ಕೆ.ಜಿ., ಅಂದರೆ 50 ಕೆ.ಜಿ.ಯ ಏಳು ಚೀಲ ಗೊಬ್ಬರಕ್ಕಿಂತ ಜಾಸ್ತಿ.

ತೊಂದರೆ ಏನೆಂದರೆ, ಒಮ್ಮೆ ತುಂಬಿಸಿದ ನೀರು ವರ್ಷವಿಡೀ ಅಲ್ಲೇ ಇರುತ್ತದೆ. ರೋಟವೇಟರ್ ಹೊಡೆಯಲು ಆ ಭಾರ ಬೇಕಿಲ್ಲ, ಅದರ ಬ್ಲೇಡುಗಳೇ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತವೆ. ನಾಟಿಗೆ ಗದ್ದೆ ಕೆಸರು ಮಾಡುವಾಗ ಭಾರವಿದ್ದಷ್ಟೂ ಹೂತುಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಕೇಜ್ ವೀಲ್. ಶುಂಠಿ ಹಾಕುವ ಹೊಲವಂತೂ ಇನ್ನೂ ಸೂಕ್ಷ್ಮ. ಹಸಿ ನೆಲದ ಮೇಲೆ ಭಾರದ ಚಕ್ರ ಓಡಾಡಿದರೆ ಕೆಳಪದರ ಗಟ್ಟಿಯಾಗುತ್ತದೆ. ಮೇಲೆ ಮಣ್ಣು ಪುಡಿಪುಡಿಯಾಗಿ ಚೆಂದ ಕಾಣುತ್ತದೆ, ಕೆಳಗೆ ನೀರು ಇಂಗುವುದಿಲ್ಲ. ನೀರು ನಿಂತ ಕಡೆ ಗೆಡ್ಡೆ ಕೊಳೆಯಲು ಇನ್ನೇನು ಬೇಕು? ಕೊಳೆಗೆ ಔಷಧಿ ಸುರಿಯುತ್ತೇವೆ, ಚಕ್ರದ ಜಾಡು ನೋಡುವುದಿಲ್ಲ.

ಮಾಲೀಕರನ್ನು ದೂರಿ ಪ್ರಯೋಜನವಿಲ್ಲ. ಪ್ರತಿ ಕೆಲಸಕ್ಕೂ ಪಂಕ್ಚರ್ ಅಂಗಡಿಗೆ ಹೋಗಿ ನೀರು ತೆಗೆಸಿ, ತುಂಬಿಸಿ ಅಂದರೆ ಅವರಿಗೂ ಆಗದ ಮಾತು. ಆದರೆ ಗಂಟೆ ಲೆಕ್ಕದ ದುಡ್ಡು ನಮ್ಮದು, ಮಣ್ಣೂ ನಮ್ಮದು. ಒಣ ಉಳುಮೆಗೆ ನೀರಿದ್ದ ಟ್ರ್ಯಾಕ್ಟರ್, ಶುಂಠಿ ಹೊಲಕ್ಕೆ ನೀರಿಲ್ಲದ್ದು ಅಂತ ಮೊದಲೇ ಮಾತಾಡಿಕೊಂಡರೆ ಆಯಿತು.

ಭಾರ ಸಾಕೋ ಹೆಚ್ಚೋ ತಿಳಿಯಲು ಒಂದು ಸೀಮೆಸುಣ್ಣ ಸಾಕು. ಚಕ್ರಕ್ಕೆ ಗುರುತು ಹಾಕಿ, ನೇಗಿಲು ಎತ್ತಿಕೊಂಡು ಹತ್ತು ಸುತ್ತಿಗೆ ಎಷ್ಟು ದೂರ ಹೋಯಿತು ಅಳೆಯಿರಿ. ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು. ಮೊದಲು 40 ಮೀಟರ್ ಹೋದದ್ದು ಈಗ 35 ಆದರೆ ಸರಿಯಿದೆ. 30ಕ್ಕೆ ಇಳಿದರೆ ಭಾರ ಸಾಲದು, ನೀವು ಕೊಡುವ ಬಾಡಿಗೆ ಚಕ್ರ ಜಾರಲು ಹೋಗುತ್ತಿದೆ. 39 ಆದರೆ ಭಾರ ಅತಿಯಾಗಿದೆ.

ಇನ್ನೊಂದು ಜೀವದ ಮಾತು. ಕೆಸರಲ್ಲಿ ಸಿಕ್ಕ ಟ್ರೇಲರ್ ಎಳೆಯುವಾಗ ಚಕ್ರ ಜಾರಿದರೆ ಗುಂಡಿ ಬೀಳುತ್ತದೆ, ಅಷ್ಟೇ. ಹಿಂದೆ ಭಾರ ಜಾಸ್ತಿಯಾಗಿ ಚಕ್ರ ನೆಲ ಕಚ್ಚಿಕೊಂಡರೆ ಟ್ರ್ಯಾಕ್ಟರಿನ ಮೂತಿಯೇ ಮೇಲೇಳುತ್ತದೆ. ಡ್ರೈವರ್ ಕ್ಲಚ್ ಒತ್ತುವಷ್ಟರಲ್ಲಿ ಹಿಂದಕ್ಕೆ ಮಗುಚಿರುತ್ತದೆ. ಸರಪಳಿಯನ್ನು ಕೆಳಗಿನ ಹುಕ್ಕಿಗೇ ಕಟ್ಟಿ, ಮೇಲಿನ ಲಿಂಕಿಗೆ ಬೇಡವೇ ಬೇಡ. ಮುಂದೆಯೂ ವೇಟ್ ಇರಲಿ.

ಟೈರಿನ ತುಂಬಾ ನೀರು ತುಂಬಿಸುವವರೂ ಇದ್ದಾರೆ. ವಾಲ್ವ್ ಮೇಲಕ್ಕೆ ಬರುವಂತೆ ಚಕ್ರ ನಿಲ್ಲಿಸಿದಾಗ ಆ ಮಟ್ಟಕ್ಕೆ ನೀರು ಬಂದರೆ ಮುಕ್ಕಾಲು ತುಂಬಿದ ಲೆಕ್ಕ. ಉಳಿದ ಜಾಗ ಗಾಳಿಗೆ. ಗಾಳಿ ಇಲ್ಲದಿದ್ದರೆ ಟೈರು ಕಲ್ಲಿನಂತಾಗಿ ಪ್ರತಿ ಏಟೂ ಆಕ್ಸಲ್‌ಗೆ ಬೀಳುತ್ತದೆ. ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಅಮೆರಿಕದಲ್ಲಿ ಬೀಟ್ ರಸವನ್ನೂ ತುಂಬುತ್ತಾರಂತೆ! ನಮ್ಮ ಹವೆಗೆ ಬರಿ ನೀರೇ ಸಾಕು. ಉಪ್ಪು ಬೆರೆಸಿದರೆ, ಟ್ಯೂಬ್ ಸೋರಿದ ದಿನವೇ ರಿಮ್‌ಗೆ ತುಕ್ಕು ಶುರು.