ಡೆಂಟಲ್ ಸೀಟು: ಹೋಟಗಿಯಿಂದ ಯಾವ ರೈಲು ಹತ್ತಬೇಕು?

ಹೋಟಗಿ ಜಂಕ್ಷನ್‌ನಾಗ ನಿಂತ್ರ ಒಂದು ಹಳಿ ವಿಜಯಪುರಕ್ಕ, ಒಂದು ಕಲಬುರಗಿಗೆ, ಇನ್ನೊಂದು ಸೊಲ್ಲಾಪುರ ದಾಟಿ ಪುಣೆ-ಮುಂಬೈ ಕಡೆ ಹೋಗ್ತದ. ನೀಟ್ ಫಲಿತಾಂಶ ಬಂದ ಮೇಲೆ ನಮ್ಮ ಹುಡುಗ-ಹುಡುಗಿಯರ ಮುಂದೂ ಇವೇ ದಾರಿ. ಎಂಬಿಬಿಎಸ್ ಕೈತಪ್ಪಿದವರು ಬಿಡಿಎಸ್ ಕಡೆ ಹೊಳ್ಳುತ್ತಾರೆ. ಏಜೆಂಟರ ಫೋನ್ ಶುರುವಾಗೂದೂ ಆಗಲೇ. ಫೋನ್ ಎತ್ತುವ ಮೊದಲು ಸ್ವಲ್ಪ ಲೆಕ್ಕ ಹಾಕೋಣ.

ಸೊಲ್ಲಾಪುರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಅದ, ಸರ್ಕಾರಿ ಡೆಂಟಲ್ ಕಾಲೇಜು ಇಲ್ಲ. ಸರ್ಕಾರಿ ಸೀಟು ಬೇಕಂದ್ರ ಮುಂಬೈ, ನಾಗಪುರ, ಸಂಭಾಜಿನಗರದಂಥ ದೂರದ ಊರು. ಅಲ್ಲಿ ಸಿಕ್ಕರೆ ಎರಡನೇ ಮಾತು ಬ್ಯಾಡ, ಹೋಗಿಬಿಡ್ರಿ. ಸಿಗದಿದ್ದರೆ?

ಕನ್ನಡ ಪರ ಪುಟದಾಗ ಈ ಮಾತು ಬರೀತೀನಂತ ಬೈಬ್ಯಾಡ್ರಿ: ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರುವ ಒಬಿಸಿ, ಇಡಬ್ಲ್ಯುಎಸ್, ಎಸ್‌ಇಬಿಸಿ ಹೆಣ್ಣುಮಕ್ಕಳು ಮೊದಲು ಮಹಾರಾಷ್ಟ್ರದ ಕ್ಯಾಪ್ ಸುತ್ತನ್ನೇ ನೋಡಬೇಕು. 2024ರ ಜುಲೈನ ಸರ್ಕಾರಿ ಆದೇಶದ ಪ್ರಕಾರ ವೃತ್ತಿಪರ ಕೋರ್ಸುಗಳಲ್ಲಿ ಅವರ ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಖಾಸಗಿ ಕಾಲೇಜಿಗೂ ಇದು ಅನ್ವಯ, ಡೀಮ್ಡ್ ವಿಶ್ವವಿದ್ಯಾಲಯಕ್ಕೂ ಮ್ಯಾನೇಜ್‌ಮೆಂಟ್ ಕೋಟಾಕ್ಕೂ ಇಲ್ಲ. ಗಡಿ ದಾಟಿದರೆ ಈ ಮಾಫಿ ಹೋಯ್ತು. ಮರಾಠಿ ಊರಿನಾಗ ಐದು ವರ್ಷ ಓದಿದರೆ ನಮ್ಮ ಕನ್ನಡವೇನೂ ಸವೆಯೂದಿಲ್ಲ.

ಉಳಿದವರಿಗೆ ಕರ್ನಾಟಕದ ದಾರಿ ಗಟ್ಟಿಯಾಗಿ ತೆರೆದಿದೆ. ಬೆಂಗಳೂರು, ಬಳ್ಳಾರಿಯಲ್ಲಿ ಸರ್ಕಾರಿ ಕಾಲೇಜು. ಹತ್ತಿರದ್ದು ನೋಡಿದರೆ ವಿಜಯಪುರದ ಅಲ್-ಅಮೀನ್, ಕಲಬುರಗಿಯ ನಿಜಲಿಂಗಪ್ಪ ಮತ್ತು ಅಲ್-ಬದರ್. ಖಾಸಗಿ ಕಾಲೇಜುಗಳಲ್ಲೂ ಕೆಇಎ ಮೂಲಕ ತುಂಬುವ ಸರ್ಕಾರಿ ಕೋಟಾ ಸೀಟಿನ ಶುಲ್ಕ ಬಹಳ ಕಡಿಮೆ. ಆ ಸೀಟಿಗೆ ನಮಗೆ ಹಕ್ಕು ಅದ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಾತೃಭಾಷೆಯವರಿಗೆ ಕೆಇಎ ಗಡಿನಾಡು ಕನ್ನಡಿಗ ಕಲಂ ಇಟ್ಟಿದೆ. ಕೆಇಎ ನಡೆಸುವ ಕನ್ನಡ ಪರೀಕ್ಷೆ ಪಾಸಾಗಬೇಕು. ಕನ್ನಡ ಶಾಲೆಯಲ್ಲಿ ಕಲಿತವರಿಗೆ ಅದೇನು ದೊಡ್ಡದಲ್ಲ.

ಆದರೆ ನಮ್ಮ ಮಕ್ಕಳು ಎಡವೂದು ಬೇರೆ ಕಡೆ. ಓದಿದ್ದು, ಅರ್ಹತಾ ಪರೀಕ್ಷೆ ಪಾಸಾಗಿದ್ದು ಇದೇ ತಾಲೂಕುಗಳ ಸಂಸ್ಥೆಯಲ್ಲಿ ಇರಬೇಕು ಅಂತದ ಆ ಕಲಂ. ಹತ್ತನೇ ಮುಗಿದ ಕೂಡಲೇ ನೀಟ್ ಕೋಚಿಂಗ್ ಅಂತ ಲಾತೂರಿಗೆ ಹೋಗಿ 12ನೇಯದನ್ನೂ ಅಲ್ಲೇ ಬರೆದರೆ ಆ ಹಕ್ಕು ಕೈಬಿಟ್ಟಂಗ. ಸೊಲ್ಲಾಪುರ ಶಹರವೂ ಉತ್ತರ ಸೊಲ್ಲಾಪುರ ತಾಲೂಕಿನೊಳಗೆ ಬರ್ತದ, ದಕ್ಷಿಣದಾಗಲ್ಲ! ಹೋಟಗಿಯ ಹುಡುಗ ಶಹರದ ಕಾಲೇಜಿಗೆ ಹೋಗಿ ಬಂದು ಮಾಡಿದ್ದಕ್ಕೆ ಗಡಿನಾಡಿಗ ಅಲ್ಲ ಅನ್ನಿಸಿಕೊಳ್ಳಬೇಕೇ? ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಒಳ್ಳೆಯ ವಿಜ್ಞಾನ ಕಾಲೇಜು ಎಷ್ಟಿವೆ ಅಂತ ಬೆಂಗಳೂರಿನವರಿಗೆ ಗೊತ್ತಿರಲಿಕ್ಕಿಲ್ಲ. ವಾಸ ಮತ್ತು ಮಾತೃಭಾಷೆ ಸಾಕು, 12ನೇ ತರಗತಿ ಎಲ್ಲಿ ಓದಿದರೂ ನಡೀಬೇಕು ಅಂತ ಗಡಿ ಪ್ರಾಧಿಕಾರದ ಮುಂದೆ ನಾವು ಕೇಳಲೇಬೇಕು. ಅಲ್ಲಿತನಕ 11ಕ್ಕೆ ಹೆಸರು ಹಚ್ಚುವ ಮುಂಚೆ ಆ ವರ್ಷದ ಕೆಇಎ ಪುಸ್ತಿಕೆ ಓದ್ರಿ. ಜಾತಿ ಪಟ್ಟಿಯೂ ಎರಡು ರಾಜ್ಯದ್ದು ಬೇರೆ ಬೇರೆ, ಮಹಾರಾಷ್ಟ್ರದ ಸರ್ಟಿಫಿಕೇಟ್ ನಂಬಿ ಕೂಡಬ್ಯಾಡ್ರಿ.

ಶುಲ್ಕ ಒಂದೇ ಖರ್ಚಲ್ಲ. ಹಾಸ್ಟೆಲ್, ಉಪಕರಣ, ಪುಸ್ತಕ ಎಲ್ಲ ಸೇರಿಸಿ ಬರ್ಕೊಳ್ರಿ. ಕಾಲೇಜು ನೋಡಾಕ ಹೋದಾಗ ಕಟ್ಟಡ ನೋಡಬ್ಯಾಡ್ರಿ, ಬೆಳಗಿನ ಹತ್ತು ಗಂಟೆಗೆ ಓಪಿಡಿಯಲ್ಲಿ ಎಷ್ಟು ಮಂದಿ ಕೂತಾರ ನೋಡ್ರಿ. ಹಲ್ಲು ಕೀಳೂದು, ತುಂಬೂದು ಕೈಗೆ ಬರೂದು ರೋಗಿಗಳಿದ್ದಾಗ.

ಬಿಡಿಎಸ್‌ಗೇ ಹೊಲ ಮಾರಬ್ಯಾಡ್ರಿ ಅನ್ನಾಕ ಇನ್ನೊಂದು ಕಾರಣ ಎಂಡಿಎಸ್. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ನೀಟ್-ಎಂಡಿಎಸ್ ಬರೆದು ಮತ್ತೆ ಮೂರು ವರ್ಷ. ಒಂಬತ್ತು ವಿಭಾಗಗಳಲ್ಲಿ ಎಲ್ಲರ ಕಣ್ಣು ಇರೂದು ಹಲ್ಲಿನ ಸಾಲು ಸರಿಮಾಡುವ ಆರ್ಥೊಡಾಂಟಿಕ್ಸ್, ರೂಟ್ ಕೆನಾಲ್‌ನ ಎಂಡೊಡಾಂಟಿಕ್ಸ್, ದವಡೆ ಶಸ್ತ್ರಚಿಕಿತ್ಸೆ ಮೇಲೆ. ಖಾಸಗಿಯಲ್ಲಿ ಅವುಗಳ ಶುಲ್ಕವೂ ಹಂಗೇ. ಮೊದಲ ಸಾಲ ತೀರದವನು ಎರಡನೇ ಸಾಲ ಎಲ್ಲಿಂದ ತರ್ತಾನ? ಬಾಯಿರೋಗ ವಿಭಾಗಕ್ಕೆ, ಅಂದರೆ ಓರಲ್ ಮೆಡಿಸಿನ್‌ಗೆ, ಪೈಪೋಟಿ ಕಡಿಮೆ. ಗಳಿಕೆಯೂ ಕಡಿಮೆ ಅಂತ ಹೇಳ್ತಾರ, ಖರೇನೇ. ಆದರೆ ಮಹಾರಾಷ್ಟ್ರ 2012ರಲ್ಲೇ ಗುಟಖಾ ನಿಷೇಧಿಸಿದರೂ ನಮ್ಮ ಸ್ಟ್ಯಾಂಡಿನಾಗ ಇಪ್ಪತ್ತು ವರ್ಷದ ಹುಡುಗರಿಗೆ ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯಾಕ ಬರೂದಿಲ್ಲ. ಅವರಿಗೆ ಕನ್ನಡದಾಗ ಬೈದು ತಿಳಿಸಿ ಹೇಳುವ ಡಾಕ್ಟರು ಅಕ್ಕಲಕೋಟದಾಗಾದರೂ ಒಬ್ಬರು ಬೇಕಲ್ಲ.