ಬಡವರಿಗಷ್ಟೇ ಈ ಪರೀಕ್ಷೆ

'ಓದೋಕೆ ಯೋಗ್ಯತೆ ಬೇಕು ಕಣೋ' ಅನ್ನೋ ಮಾತು ನಮ್ಮ ಕೇರಿಗಳಿಗೆ ಹೊಸದಲ್ಲ. ಅಮೆರಿಕ ಈ ಮಾತನ್ನು ಕಾನೂನಿನಲ್ಲೇ ಬರೆದಿಟ್ಟುಕೊಂಡಿದೆ. ಅಲ್ಲಿ ಅದರ ಹೆಸರು 'ಪ್ರಯೋಜನ ಪಡೆಯುವ ಸಾಮರ್ಥ್ಯ'. ಹೈಸ್ಕೂಲು ಮುಗಿಸಲಾಗದ ಬಡವ ಕಾಲೇಜಿಗೆ ಸರ್ಕಾರದ ನೆರವು ಕೇಳಿದರೆ, ಓದಿನಿಂದ ನಿನಗೆ ಪ್ರಯೋಜನವಿದೆ ಅಂತ ಮೊದಲು ನೀನೇ ರುಜುವಾತು ಮಾಡು ಅನ್ನುತ್ತದೆ ಆ ಕಾನೂನು.

1972ರಲ್ಲಿ ಮುಂಬಯಿಯ ದಲಿತ ಯುವಕರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ತೆಗೆದುಕೊಂಡು ದಲಿತ್ ಪ್ಯಾಂಥರ್ಸ್ ಕಟ್ಟಿದರು. ಅಲ್ಲಿನ ಕರಿಯರ, ಬಡವರ ಪಾಡು ನಮಗೆ ಪರದೇಶದ ಸುದ್ದಿಯಲ್ಲ.

ವ್ಯವಸ್ಥೆಯ ಹುನ್ನಾರ ನೋಡಿ. ಬಡ ವಿದ್ಯಾರ್ಥಿಗೆ ಕೊಡುವ ಪೆಲ್ ಗ್ರಾಂಟ್ 2024-25ರಲ್ಲಿ ಹೆಚ್ಚೆಂದರೆ 7,395 ಡಾಲರ್. ಹೈಸ್ಕೂಲಿನ ಸರ್ಟಿಫಿಕೇಟೋ ಅದಕ್ಕೆ ಸಮವಾದದ್ದೋ ಇಲ್ಲದವನು ಸರ್ಕಾರ ಒಪ್ಪಿದ ಪರೀಕ್ಷೆ ಪಾಸು ಮಾಡಬೇಕು. ಇಲ್ಲವೇ ರಾಜ್ಯ ರೂಪಿಸಿ ಕೇಂದ್ರ ಒಪ್ಪಿದ ವಿಧಾನದಲ್ಲಿ ಗೆಲ್ಲಬೇಕು. ಅದೂ ಇಲ್ಲದಿದ್ದರೆ ಆರು ಕ್ರೆಡಿಟ್ಟಿನಷ್ಟು ಪಾಠ ಮುಗಿಸಿ ತೋರಿಸಬೇಕು. ಆ ಆರು ಕ್ರೆಡಿಟ್ಟಿನ ಫೀಜಿಗೆ ಈ ನೆರವು ಸಿಕ್ಕುವುದಿಲ್ಲ. ಕೈಯಲ್ಲಿ ಕಾಸಿದ್ದರೆ ಅವನು ನಿಮ್ಮ ಬಾಗಿಲಿಗೆ ಯಾಕೆ ಬರುತ್ತಿದ್ದ ಸ್ವಾಮಿ?

ಸ್ವಂತ ದುಡ್ಡು ಕಟ್ಟಿ ಕೂರುವವನಿಗೆ ಈ ಕಾನೂನು ಏನನ್ನೂ ಕೇಳುವುದಿಲ್ಲ. ಅಂದರೆ ಪರೀಕ್ಷೆ ಇಟ್ಟಿರುವುದು ಬುದ್ಧಿಗಲ್ಲ, ಬಡತನಕ್ಕೆ.

ಓದಿಗೆ ಬೀಗ ಹಾಕಿದವರು ಯಾರು? 1740ರಲ್ಲಿ ದಕ್ಷಿಣ ಕೆರೊಲಿನಾ ಗುಲಾಮರಿಗೆ ಬರೆಯಲು ಕಲಿಸುವುದೇ ಅಪರಾಧ ಅಂತ ಕಾನೂನು ಮಾಡಿತು. ಅಕ್ಷರ ಕಸಿದುಕೊಂಡವರ ನಾಡೇ ಮುಂದೆ ಅಕ್ಷರದ ಪರೀಕ್ಷೆ ಇಟ್ಟು ಕರಿಯರ ಓಟು ಕಸಿಯಿತು. ಅದಕ್ಕೆ ತಡೆ ಬಿದ್ದದ್ದು 1965ರಲ್ಲಿ. ಅದೇ ವರ್ಷ ಉತ್ತರ ಕೆರೊಲಿನಾದ ಡ್ಯೂಕ್ ಪವರ್ ಕಂಪನಿ, ಒಳ್ಳೆಯ ಕೆಲಸ ಬೇಕಾದರೆ ಹೈಸ್ಕೂಲು ಮುಗಿಸಿರಬೇಕು ಅನ್ನುವುದರ ಜೊತೆಗೆ ವಂಡರ್ಲಿಕ್ ಪರೀಕ್ಷೆಯನ್ನೂ ತಂದಿತು. ಕರಿಯ ಕೆಲಸಗಾರರು ಕೋರ್ಟಿಗೆ ಹೋದರು. ಸರ್ಟಿಫಿಕೇಟಿಲ್ಲದ ಹಳೆಯ ಬಿಳಿಯರು ಅದೇ ಕೆಲಸವನ್ನು ಸರಾಗವಾಗಿ ಮಾಡುತ್ತಿದ್ದರು! 1971ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ನಿಯಮವನ್ನು ಹೊಡೆದುಹಾಕಿತು. ಆದರೆ ಅದೇ ವಂಡರ್ಲಿಕ್ಕಿನವರ ಇನ್ನೊಂದು ಪರೀಕ್ಷೆ ಮುಂದೆ ಕಾಲೇಜು ನೆರವಿನ ಬಾಗಿಲಿಗೆ ಬಂದು ನಿಂತಿತು.

'ಲಾಭಕೋರ ಕಾಲೇಜುಗಳು ಬಡವರನ್ನು ತುಂಬಿಕೊಂಡು ಸರ್ಕಾರದ ದುಡ್ಡು ನುಂಗಿದವು, ಅದಕ್ಕೇ ಪರೀಕ್ಷೆ' ಅನ್ನುತ್ತಾರೆ. ನುಂಗಿದ್ದು ನಿಜ. ನುಂಗಿದವನನ್ನು ಹಿಡಿಯಿರಿ. ಮೋಸ ಹೋದವನನ್ನು ಯಾಕೆ ಕಟಕಟೆಗೆ ಹತ್ತಿಸುತ್ತೀರಿ?

2012ರ ಜುಲೈಯಿಂದ ಹೊಸದಾಗಿ ಸೇರುವವರಿಗೆ ಈ ಇಕ್ಕಟ್ಟಿನ ದಾರಿಯನ್ನೂ ಮುಚ್ಚಿದರು. 2014ರ ಡಿಸೆಂಬರಿನಲ್ಲಿ ಅರ್ಧ ತೆರೆದರು, ಕಸುಬಿನ ದಾರಿಗೆ ಜೋಡಿಸಿದ ಕೋರ್ಸಿಗೆ ಸೇರಿದರೆ ಮಾತ್ರ ಅಂತ. ಕಸುಬು ಕೀಳಲ್ಲ. ಆದರೆ ಉಳ್ಳವರ ಮಗ ಚರಿತ್ರೆ, ಕಾವ್ಯ ಏನನ್ನಾದರೂ ಓದಲಿ, ಬಡವನಿಗೆ ಕಸುಬು ಸಾಕು ಅನ್ನುವುದನ್ನು ನಾವು ಬಲ್ಲೆವು. ಕುಲಕಸುಬಿನ ಹೆಸರಲ್ಲಿ ತಲೆತಲಾಂತರ ಅದನ್ನು ಅನುಭವಿಸಿದವರು ನಾವು.

ಏಕಲವ್ಯನಿಗೆ ಕಲಿಸದ ಗುರು ದಕ್ಷಿಣೆ ಮಾತ್ರ ಕೇಳಿದ. ಇವರು ಕಲಿಸುವ ಮೊದಲೇ ಕೇಳುತ್ತಿದ್ದಾರೆ. ಮೊದಲು ಒಳಗೆ ಬಿಡಿ, ಫೀಜು ಕಟ್ಟಿ, ಪಾಠ ಹೇಳಿ. ಪರೀಕ್ಷೆ ಆಮೇಲಿರಲಿ, ಎಲ್ಲರಿಗೂ ಇರಲಿ. ಹಸಿದವನಿಗೆ ಅನ್ನ ಬಡಿಸುವ ಮುಂಚೆ ಅರಗಿಸಿಕೊಳ್ಳುವ ಶಕ್ತಿ ಇದೆಯಾ ಅಂತ ಕೇಳುವವನು ಅನ್ನದಾತನಲ್ಲ, ಕಣಜದ ಕಾವಲುಗಾರ.